ಗೊಬ್ಬರದ ಗುಂಡಿಯ ಕುಂಬಳ

ಆ ಬಳ್ಳಿಯನ್ನು ಯಾರೂ ನೆಟ್ಟಿರಲಿಲ್ಲ. ಹಿತ್ತಿಲ ಗೊಬ್ಬರದ ಗುಂಡಿಯಲ್ಲಿ ತರಕಾರಿ ಸಿಪ್ಪೆ, ಮೊಟ್ಟೆ ಚಿಪ್ಪು, ಚಹಾದ ಚರಟದ ನಡುವೆ ತಾನಾಗಿ ತಲೆ ಎತ್ತಿತು. ಕಿತ್ತು ಬಿಸಾಡಲು ಹೊರಟ ನನಗೆ ಮಾವ ಅಡ್ಡ ಬಂದರು.

"ತಾನಾಗಿ ಬಂದದ್ದನ್ನ ಯಾರಾದ್ರೂ ಕೀಳ್ತಾರೇನಮ್ಮಾ? ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು."

ಅತ್ತೆಗೆ ಪಕ್ಕೆನೋವು ಶುರುವಾದದ್ದೂ ಆಗಲೇ. ಮುಂದಿನ ತಿಂಗಳುಗಳಲ್ಲಿ ಬಳ್ಳಿ ದಪ್ಪಗಾಗುತ್ತ ಹೋಯಿತು, ಅತ್ತೆ ಸಣ್ಣಗಾಗುತ್ತ ಹೋದರು. ಅದು ಗೋಡೆ ಹತ್ತಿತು, ನೀರಿನ ಪೈಪನ್ನು ಸುತ್ತಿಕೊಂಡಿತು, ಬಚ್ಚಲಮನೆಯ ಕಿಟಕಿಯ ಸರಳುಗಳ ಒಳಗೆ ಕೈ ಹಾಕಿತು. ಬೆಳಿಗ್ಗೆ ಮುಖ ತೊಳೆಯಲು ಹೋದರೆ ಅದರ ಹಸಿರು ಸುರುಳಿ ಸೋಪಿನ ಡಬ್ಬಿಯ ಮೇಲೆ ಬಿದ್ದಿರುತ್ತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಸಲಿಗೆ ಕುಂಬಳಕಾಯಿಯನ್ನೇ ಕಂಡರೆ ಆಗದವಳು ನಾನು. ಅದರ ಸಪ್ಪೆ ಸಿಹಿ ಚಿಕ್ಕಂದಿನಿಂದಲೂ ನನ್ನ ಗಂಟಲಲ್ಲಿ ಇಳಿದದ್ದಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗ ಅದೊಂದಕ್ಕೆ ಮಾತ್ರ ಮಾವ ನನಗೆ ಮಾಫಿ ಕೊಟ್ಟಿದ್ದರು.

ಬೇರೆ ಯಾವುದಕ್ಕೂ ಮಾಫಿ ಇರಲಿಲ್ಲ. ತಟ್ಟೆಯ ಮುಂದೆ ಕೂತ ಮೇಲೆ ಅಡುಗೆಗೆ ಹೆಸರಿಡಬಾರದು, ಇದು ಮನೆಯ ಕಾನೂನು. ಉಪ್ಪು ಹೆಚ್ಚಿರಲಿ ಕಮ್ಮಿ ಇರಲಿ, ತುಟಿ ಪಿಟಕ್ಕೆನ್ನದೆ ಉಣ್ಣಬೇಕು. ಮಾವ ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾಗಿದ್ದವರು. ಅಲ್ಲಿ ಅವರಿಗೆ ಹದದ ಮೇಷ್ಟ್ರು ಎಂದೇ ಹೆಸರಂತೆ. ಹಂಡೆಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಒಂದು ಕಣ್ಣು ಮುಚ್ಚಿ ತಲೆ ಆಡಿಸಿದ ಮೇಲೆಯೇ ಬಡಿಸುವವರು ಸೌಟು ಎತ್ತಬೇಕು. ಊರಿಗೇ ಊಟ ಹಾಕಿದ ನಾಲಿಗೆ, ಅದರ ಮುಂದೆ ನಮ್ಮದೇನು ಲೆಕ್ಕ. ನಿವೃತ್ತರಾದ ಮೇಲೂ ಮನೆಯ ಒಲೆ ಅವರದೇ ಆಗಿತ್ತು. ಅತ್ತೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಹೆಚ್ಚಿ ಕೊಡುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಲಾರಿ ಓಡಿಸುವ ನನ್ನ ಗಂಡ ಮನೆಯಲ್ಲಿದ್ದಾಗ ಉಣ್ಣುತ್ತಿದ್ದ, ಇಲ್ಲದಾಗ ಫೋನಿನಲ್ಲಿ ಏನಡುಗೆ ಎಂದು ಕೇಳಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಕೊನೆಗೆ ಅತ್ತೆಯ ಒಂದು ಕಿಡ್ನಿಯನ್ನು ತೆಗೆಯಬೇಕಾಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಮಾವನನ್ನೂ ನನ್ನನ್ನೂ ವಾರ್ಡಿನ ಬಾಗಿಲಲ್ಲಿ ನಿಲ್ಲಿಸಿಕೊಂಡರು.

"ಉಳಿದಿರೋದು ಒಂದೇ. ಅದಕ್ಕೂ ಈಗ ತ್ರಾಣ ಕಮ್ಮಿ. ವಾಂತಿ ಭೇದಿ ಆಗಿ ಮೈಯಲ್ಲಿರೋ ನೀರು ಹೋಯ್ತು ಅಂದ್ರೆ ಅದೂ ಕೈ ಕೊಡುತ್ತೆ, ಆಮೇಲೆ ನಮ್ಮ ಕೈಲಿ ಏನೂ ಇರಲ್ಲ. ಮೆತ್ತಗಿರೋದನ್ನ ಕೊಡಿ, ಚೆನ್ನಾಗಿ ತಿನ್ಲಿ. ಹೊಟ್ಟೆ ಮಾತ್ರ ಕೆಡಬಾರದು." ನಾವು ಹೊರಟ ಮೇಲೆ ಮತ್ತೆ ಕರೆದರು. "ಈ ಮಾತ್ರೆಗಳಿಂದ ಸ್ವಲ್ಪ ದಿನ ಬಾಯೆಲ್ಲ ಕಹಿಯಾಗಿರುತ್ತೆ. ಊಟ ಬೇಡ ಅಂತಾರೆ. ನೀವು ಬಿಡಬೇಡಿ."

"ಬಿಡೋ ಮಾತೇ ಇಲ್ಲ," ಎಂದರು ಮಾವ.

ಬಳ್ಳಿಯಲ್ಲಿ ಕಾಯಿ ಮೂರು ಬಿಟ್ಟಿದ್ದವು. ಹಿಂದಿನ ವರ್ಷ ಇದೇ ಹಿತ್ತಿಲಿನಲ್ಲಿ ಬೆಳೆದ ಕುಂಬಳದ ಬೀಜವನ್ನೇ ಗುಂಡಿಗೆ ಎಸೆದಿದ್ದೆವು, ಆದರೆ ಇವು ಅದರ ಹಾಗಿರಲಿಲ್ಲ. ಕುತ್ತಿಗೆ ಉದ್ದ, ಮೈಮೇಲೆ ಬಿಳಿ ಪಟ್ಟೆ, ಅಲ್ಲಲ್ಲಿ ಗಂಟು. ಹಾಗೆಂದು ಹೇಳಿದೆ.

"ಮಕ್ಕಳೆಲ್ಲ ಅಪ್ಪನ ಹಾಗೇ ಇರ್ತಾರೇನಮ್ಮಾ? ನಿನ್ನ ಗಂಡನ್ನೇ ನೋಡು, ನೀರು ಕಾಯಿಸೋಕೂ ಬರಲ್ಲ."

ನನ್ನ ರಜೆಯ ದಿನ ಮೂರನ್ನೂ ಕೊಯ್ದರು. ದೊಡ್ಡದನ್ನು ಹೆಗಲ ಮೇಲೆ ಹೊತ್ತು ಅವರು ಒಳಗೆ ಬಂದಾಗ, ಅಡುಗೆಮನೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ ಅತ್ತೆ, "ಕುಂಬಳಕಾಯಿ ಕಳ್ಳ ಬಂದ ನೋಡೇ," ಎಂದರು. ಮಾವ ಕಾಯಿ ಇಳಿಸಿ ಬೇಕೆಂದೇ ಹೆಗಲು ಮುಟ್ಟಿ ನೋಡಿಕೊಂಡರು. ಆಪರೇಷನ್ ಆದ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು. ನಗುವಾಗ ಹೊಲಿಗೆ ನೋಯುತ್ತದೆಂದು ಪಕ್ಕೆಯನ್ನು ಒತ್ತಿ ಹಿಡಿದುಕೊಂಡಿದ್ದರು.

ಸಿಪ್ಪೆ ಕಲ್ಲಿನಂತಿತ್ತು. ಮಾವ ಚಾಕು ಚುಚ್ಚಿ, ಅದರ ಬೆನ್ನಿಗೆ ಲಟ್ಟಣಿಗೆಯಿಂದ ಹೊಡೆದು ಹೋಳು ಮಾಡಿದರು. ಒಳಗೆ ಮಾತ್ರ ಹೊನ್ನಿನ ಬಣ್ಣ. ನಾರನ್ನೂ ಬೀಜವನ್ನೂ ನಾನು ಚಮಚದ ಅಂಚಿನಿಂದ ಕೆರೆದು ತೆಗೆದೆ. ನೀರಿನಲ್ಲಿ ಬೇಯಿಸಿದರೆ ತಿರುಳು ನೀರು ಕುಡಿದು ಪೇಲವವಾಗುತ್ತದೆಂದು ಹಬೆಯಲ್ಲಿ ಬೇಯಿಸಿದರು. ಬೆಂದ ಹೋಳು ತಣಿದ ಮೇಲೆ ಸಿಪ್ಪೆ ಸುಲಿದು, ರುಬ್ಬಿ, ತೆಳು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗು ಹಾಕಿದರು. ಹಳದಿ ನೀರು ತೊಟ್ಟಿಕ್ಕುತ್ತಿತ್ತು. ಮನೆಯೆಲ್ಲ ಸಿಹಿ ವಾಸನೆ. ನಾನು ಹಳೆಯ ಗಾಜಿನ ಬಾಟಲಿಗಳನ್ನು ತೊಳೆದು ತಂದಿಟ್ಟೆ. ಮಾವ ಅವನ್ನು ಆಚೆ ಸರಿಸಿದರು.

"ಬಾಟಲಿ ಬೇಡ. ಹುಳಿ ಇಲ್ಲದ ತಿರುಳನ್ನ ಮುಚ್ಚಳ ಬಿಗಿದು ಕಪಾಟಿನಲ್ಲಿಟ್ರೆ ಒಳಗೊಳಗೇ ವಿಷ ಆಗುತ್ತೆ. ಕಣ್ಣಿಗೂ ಕಾಣಲ್ಲ, ಮೂಗಿಗೂ ಹತ್ತಲ್ಲ. ಇದೆಲ್ಲ ಫ್ರೀಜರ್‌ಗೇ ಹೋಗ್ಬೇಕು."

ಅಷ್ಟು ಎಚ್ಚರಿಕೆಯ ಮನುಷ್ಯ. ಒಂದೊಂದು ಊಟಕ್ಕೆ ಒಂದೊಂದು ಚೀಲ ಎಂದು ಅಳೆದು ತುಂಬಿ, ಗಾಳಿಯನ್ನೆಲ್ಲ ಅಂಗೈಯಿಂದ ಒತ್ತಿ ಹೊರಹಾಕಿ, ಹಲಗೆಯಂತೆ ಚಪ್ಪಟೆ ಮಾಡಿ ಫ್ರೀಜರ್‌ನಲ್ಲಿ ಒಂದರ ಮೇಲೊಂದು ಜೋಡಿಸಿದರು. ಮೂರನೆಯ ಕಾಯಿಯನ್ನು ಬಳೆಯಂತೆ ಹೆಚ್ಚಿ, ಕೋಲಿಗೆ ಪೋಣಿಸಿ ಹಿತ್ತಿಲ ಬಿಸಿಲಿಗಿಟ್ಟರು. ಉಳಿದ ತಿರುಳಿಗೆ ಹಾಲು, ಬೆಣ್ಣೆ, ಒಂದಿಷ್ಟು ಸಕ್ಕರೆ ಸೇರಿಸಿ ಅತ್ತೆಗೆಂದು ಸೂಪು ಕುದಿಸಿದರು. ಮಾವನಿಗೆ ಸಕ್ಕರೆ ಕಾಯಿಲೆ. ಸಿಹಿ ಹಾಕಿದ್ದನ್ನು ರುಚಿ ನೋಡುವುದು ಬಿಟ್ಟರೆ ತಿನ್ನುತ್ತಿರಲಿಲ್ಲ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಗೋಡೆಯ ಮೇಲಿನ ಅಕ್ಷರ ಓದಿಸುತ್ತೇನೆ. ಕಣ್ಣು ಮಂಜಾದದ್ದನ್ನು ಒಪ್ಪಿಕೊಳ್ಳದ ಕೆಲವರಿರುತ್ತಾರೆ. ಹಿಂದಿನವರು ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು, ನಾನು ಅಕ್ಷರಕ್ಕೆ ಕಡ್ಡಿ ಇಡುವ ಮೊದಲೇ ಗಡಗಡ ಒಪ್ಪಿಸಿಬಿಡುತ್ತಾರೆ. ಅಂದು ಮಾವ ಒಂದು ತೊಟ್ಟು ಸೂಪನ್ನು ಅಂಗೈಗೆ ಬಿಟ್ಟುಕೊಂಡಾಗ ನನಗೆ ಅಂಥವರ ನೆನಪಾಯಿತು. ನಾಲಿಗೆ ಅಂಗೈ ಮುಟ್ಟುವ ಮೊದಲೇ ತಲೆ ಆಡಿಬಿಟ್ಟಿತ್ತು. ಆಮೇಲೆ ಇನ್ನೊಂದು ತೊಟ್ಟನ್ನು ಅತ್ತೆಯ ಅಂಗೈಗೆ ಬಿಟ್ಟರು. ಹಿಂದಿನ ವರ್ಷ ಮಾವನಿಗೆ ಕೆಟ್ಟ ಜ್ವರ ಬಂದು ಹೋದಾಗಿನಿಂದ ಶುರುವಾದ ರೂಢಿ ಅದು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ, ಆದರೆ ಬರೀ ಪ್ರೀತಿಯಲ್ಲ.

"ಹೇಗಿದೆ?"

ಅತ್ತೆಯ ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತು. ಕಷ್ಟಪಟ್ಟು ನುಂಗಿದರು.

"ಚೆನ್ನಾಗಿದೆ. ಚೂರು ಸಕ್ಕರೆ ಬೇಕಾದ್ರೆ ಹಾಕಿ."

ಮರುದಿನ ಬೆಳಿಗ್ಗೆ ಅತ್ತೆ ವಾಂತಿ ಮಾಡಿಕೊಂಡರು. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದಿರಬೇಕು, ಊಟವಾದ ಮೇಲೆ ಮಾತ್ರ ಕೊಡಿ, ಊಟ ಮಾಡದಿದ್ದರೆ ಆ ಹೊತ್ತಿನದು ಬಿಡಿ ಎಂದು ನರ್ಸ್ ಹೇಳಿದಳು. ಅಲ್ಲಿಂದ ಮಾವನಿಗೆ ಒಂದೇ ಹಟ. ಮಾತ್ರೆಗೆ ಮೊದಲು ಹೊಟ್ಟೆ ತುಂಬಬೇಕು. ದಿನಕ್ಕೊಂದು ಚೀಲ ಫ್ರೀಜರ್‌ನಿಂದ ಇಳಿಯಿತು, ಕರಗಿತು, ಕುದಿಯಿತು. ಮಂಚದ ಅಂಚಿನಲ್ಲಿ ಕೂತು ಅವರೇ ಚಮಚ ಚಮಚವಾಗಿ ಕುಡಿಸುತ್ತಿದ್ದರು. ಅತ್ತೆ ಬೇಡ ಎನ್ನುತ್ತಿರಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ಕಣ್ಣು ಮುಚ್ಚಿ, ಬೆರಳುಗಳಿಂದ ಹೊದಿಕೆಯನ್ನು ಹಿಂಡುತ್ತ ಮಲಗಿರುತ್ತಿದ್ದರು.

ಕೆನ್ನೆ ಒಳಗೆ ಹೋಯಿತು. ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಊಟ ಮಾಡಿದ ದಿನ ಬೀಳುತ್ತಿದ್ದರು, ಸುಸ್ತಿನ ನಿದ್ದೆಯಲ್ಲಿ ಊಟ ತಪ್ಪಿ ಉಪವಾಸವಿದ್ದರೆ ಮರುದಿನ ಎದ್ದು ಕೂರುತ್ತಿದ್ದರು. ಇದು ನನ್ನ ಕಣ್ಣಿಗೆ ಬಿತ್ತು. ಆದರೆ ಊಟ ಮಾಡದ ದಿನ ಮಾತ್ರೆಯೂ ಇರುತ್ತಿರಲಿಲ್ಲವಲ್ಲ. ಹಾಗಾಗಿ ನಾನು ಮಾತ್ರೆಯನ್ನು ಬೈದೆ, ಡಾಕ್ಟರನ್ನು ಬೈದೆ, ಮಾತ್ರೆ ಮಾರುವವನನ್ನೂ ಬೈದೆ. ನನ್ನ ಬಾಯಿಯೇ ಅಂಥದ್ದು. ಮಾವ ಮಾತ್ರ ಬೈಯಲಿಲ್ಲ. ಬೆಣ್ಣೆ ಇನ್ನೊಂದು ಚೂರು ಹೆಚ್ಚು ಹಾಕಿದರು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಬಟ್ಟೆ ಹರವಲು ಹಿತ್ತಿಲಿಗೆ ಹೋಗಿದ್ದೆ. ಬೇಲಿಯಾಚೆ ಪಕ್ಕದ ಮನೆಯ ಹೆಂಗಸು ಗಿಡಗಳಿಗೆ ನೀರು ಹಾಕುತ್ತಿದ್ದಳು. ಅವಳ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುಂಡಗಳು, ಅದಕ್ಕೇ ಬೀದಿಯವರೆಲ್ಲ ಅವಳನ್ನು ಕುಂಡದಮ್ಮ ಎನ್ನುವುದು. ಕೋಲಿಗೆ ಪೋಣಿಸಿದ್ದ ಒಣ ಕುಂಬಳದ ಬಳೆಗಳನ್ನು ನೋಡಿ ಅವಳು ನೀರು ಹಾಕುವುದನ್ನು ನಿಲ್ಲಿಸಿದಳು.

"ಸಿಹಿಗುಂಬಳ ಅಲ್ವೇನೇ ಅದು? ಒಂದು ಇರುವೆನೂ ಇಲ್ವಲ್ಲ."

ನಾನು ನೋಡಿದೆ. ಗೋಡೆಯ ಬುಡದಲ್ಲಿ ಇರುವೆಗಳ ಸಾಲಿತ್ತು. ಕೋಲಿನ ಕೆಳಗಿನಿಂದಲೇ ಹಾದು, ಬಚ್ಚಲಿನ ಕಡೆ ಹೋಗುತ್ತಿತ್ತು.

"ಬೀಜ ಎಲ್ಲಿಂದ ತಂದ್ರಿ?"

"ತರಲಿಲ್ಲ. ಹೋದ ವರ್ಷದ ಕಾಯಿದು, ಗುಂಡೀಲಿ ತಾನಾಗೇ ಬಂತು."

ಕುಂಡದಮ್ಮ ನೀರಿನ ಪಾತ್ರೆಯನ್ನು ಕೆಳಗಿಟ್ಟಳು. "ಹೋದ ವರ್ಷ ಈ ಬೇಲಿ ಮೇಲೆ ನನ್ನ ಬಳ್ಳಿನೂ ಇತ್ತಲ್ಲೇ. ಬಣ್ಣಬಣ್ಣದ ಪುಟ್ಟ ಕಾಯಿ, ಷೋಕೇಸಿಗೆ ಇಡೋದು. ನಿನಗೂ ಎರಡು ಕೊಟ್ಟಿದ್ದೆ. ಅದು ನೋಡೋಕೆ ಮಾತ್ರ, ಬಾಯಿಗೆ ಇಡೋ ಹಾಗಿಲ್ಲ. ಎರಡೂ ಹೂವು ಒಟ್ಟಿಗೇ ಬಿಟ್ಟಿದ್ವು. ದುಂಬಿಗೆ ನಿಮ್ಮನೆ ನಮ್ಮನೆ ಅಂತ ಗೊತ್ತಾಗುತ್ತಾ? ಬೆರಕೆ ಬೀಜ ಆಗಿದ್ರೆ ಕಾಯಿ ವಿಷ. ಚೂರು ನಾಲಿಗೆ ಮೇಲಿಟ್ಟು ನೋಡು, ಕಹಿ ಇದ್ರೆ ಉಗಿದುಬಿಡು. ಬೇಯಿಸಿದ್ರೂ ಹೋಗಲ್ಲ ಅದು."

ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಒಲೆಯ ಮೇಲೆ ಸೂಪಿನ ಪಾತ್ರೆ ಇತ್ತು, ತಳದಲ್ಲಿ ಒಂದಿಷ್ಟು ಉಳಿದಿತ್ತು. ಚಿಕ್ಕಂದಿನಿಂದ ಮುಟ್ಟದ ಪದಾರ್ಥವನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಸಕ್ಕರೆ, ಬೆಣ್ಣೆ. ಅದರ ಹಿಂದೆಯೇ ಕಹಿ ಬಂತು. ಹಾಗಲಕಾಯಿಯ ಕಹಿಯಲ್ಲ, ಬೇವಿನದೂ ಅಲ್ಲ, ನಾಲಿಗೆಯನ್ನು ಬುಡದಿಂದ ಹಿಡಿದು ಎಳೆಯುವಂಥ ಕಹಿ. ಉಗಿದೆ, ನಲ್ಲಿಗೆ ಬಾಯಿ ಕೊಟ್ಟು ತೊಳೆದೆ, ಮತ್ತೆ ಉಗಿದೆ. ಹೋಗಲಿಲ್ಲ. ಇದನ್ನು ಆ ಜೀವ ಬಟ್ಟಲುಗಟ್ಟಲೆ ಕುಡಿದಿತ್ತು.

ಕೋಣೆಯಲ್ಲಿ ಮಾವ ಕೊನೆಯ ಚಮಚಗಳನ್ನು ಬಳಿಯುತ್ತಿದ್ದರು.

"ಮಾವ, ನಿಲ್ಲಿಸಿ. ಅದು ಕಹಿ ಇದೆ. ವಿಷದ ಕಾಯಿ ಅದು."

ಈ ಮನೆಯಲ್ಲಿ ಅಡುಗೆಗೆ ಹೆಸರಿಟ್ಟ ಮೊದಲ ಮಾತು ನನ್ನದೇ. ಅವರು ಚಮಚ ಹಿಡಿದೇ ತಿರುಗಿದರು. ಮುಖ ಕೆಂಪಾಗಿತ್ತು.

"ಏನಂದೆ?"

"ಕಹಿ ಇದೆ ಮಾವ. ಬಾಯಿಗಿಡೋಕಾಗಲ್ಲ."

"ಹುಟ್ಟಿದಾಗಿಂದ ಕುಂಬಳಕಾಯಿ ತಿನ್ನದವಳು ನನಗೆ ರುಚಿ ಹೇಳ್ತೀಯಾ?" ಎಂದು ಆ ಚಮಚವನ್ನು ತಮ್ಮ ಬಾಯಿಗೇ ಇಟ್ಟುಕೊಂಡರು. ಒಂದು ಕಣ್ಣು ಮುಚ್ಚಿದರು. ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. "ಎಲ್ಲಿದೆ ಕಹಿ? ಬೆಣ್ಣೆ ಹಾಗಿದೆ."

ಬೆರಳ ತುದಿಯಷ್ಟಕ್ಕೆ ನನ್ನ ಬಾಯಿ ಇನ್ನೂ ಸೇದುತ್ತಿತ್ತು. ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅಡುಗೆ ಒಂದು ದಿನ ಉಪ್ಪುಪ್ಪು, ಒಂದು ದಿನ ಸಪ್ಪೆ ಏಕಿತ್ತು ಎಂಬುದು. ಆ ಜ್ವರದ ಮೇಲೆ ಈ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ನಾಲಿಗೆ ಇತ್ತೆಂಬುದು. ಅದು ಅತ್ತೆಯದು. ಈಗ ಅದನ್ನೂ ಮಾತ್ರೆ ಕೆಡಿಸಿತ್ತು. ನಾನು ಅತ್ತೆಯ ಕಡೆ ನೋಡಿದೆ. ಅವರು ದಿಂಬಿನ ಮೇಲಿಂದ ನನ್ನನ್ನೇ ನೋಡುತ್ತ, ಮಾವನಿಗೆ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದರು. ಹೇಳಬೇಡ ಎಂದು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಕ್ಕಿಂತ ಮರ್ಯಾದೆ ದೊಡ್ಡದಾಯಿತಲ್ಲ ಈ ಮುದುಕರಿಗೆ ಎಂದು ಕಿರುಚಬೇಕೆನ್ನಿಸಿತು. ಕಿರುಚಲು ಹೊತ್ತಿರಲಿಲ್ಲ. ಅತ್ತೆ ಮಂಚದ ಅಂಚಿಗೆ ಬಾಗಿದರು. ನಾನು ಬಕೆಟ್ ತರುವಷ್ಟರಲ್ಲಿ ಹೊದಿಕೆ ಹಾಳಾಗಿತ್ತು. ಟ್ಯಾಕ್ಸಿ ಬರುವಷ್ಟರಲ್ಲಿ ಅವರ ಕೈಕಾಲು ತಣ್ಣಗಾಗಿದ್ದವು, ತುಟಿ ನೀಲಿಗಟ್ಟಿತ್ತು. ದಾರಿಯುದ್ದಕ್ಕೂ ಮಾವ ಅವರ ಪಾದಗಳನ್ನು ಉಜ್ಜುತ್ತ, "ಏನೂ ಆಗಲ್ಲ ಕಣೇ, ಮಾತ್ರೆ ಬದಲಾಯಿಸ್ತಾರೆ," ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಎರಡೂ ಕೈಗೆ ಸೂಜಿ ಹಾಕಿ ನೀರು ಏರಿಸಿದರು. ನಾನು ಕಾಯಿಯ ವಿಷಯ ಹೇಳಿದೆ. ಮೊದಲಿನವರಲ್ಲ, ಬೇರೆ ಡಾಕ್ಟರು, ಎಳೆ ವಯಸ್ಸಿನವನು. ಮಾವನ ಕಡೆ ತಿರುಗಿದ.

"ಇಷ್ಟು ದಿನ ಕೊಟ್ಟಿದ್ದೀರಲ್ಲ, ಅಡುಗೆ ಮಾಡಿದವರು ಒಬ್ಬರಾದ್ರೂ ರುಚಿ ನೋಡ್ಲಿಲ್ವಾ?"

ಮಾವ ಬಾಯಿ ತೆರೆಯುವ ಮೊದಲೇ ಮಂಚದಿಂದ ಅತ್ತೆಯ ಸಣ್ಣ ದನಿ ಬಂತು. "ಅವರನ್ನ ಕೇಳ್ಬೇಡಿ. ನನಗೆ ಗೊತ್ತಿತ್ತು. ಕಹಿ ಅಂತ ಗೊತ್ತಿದ್ದೇ ತಿಂದೆ."

ಅದು ಸುಳ್ಳು. ಅವರಿಗೆ ನೀರೂ ಕಹಿ, ಹಾಲೂ ಕಹಿಯಾಗಿದ್ದ ದಿನಗಳವು. ಇದೂ ಮಾತ್ರೆಯ ಕಹಿಯೇ ಎಂದುಕೊಂಡು ನುಂಗಿದ್ದರು. ಆದರೆ ಡಾಕ್ಟರಿಗೆ ಅದು ಹೇಗೆ ತಿಳಿಯಬೇಕು? ಅವನು ಮಂಚದ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ಗೊತ್ತಿದ್ದೂ ತಿಂದ್ರಾ? ಯಾಕಮ್ಮಾ? ಬದುಕೋದು ಬೇಡ ಅನ್ನಿಸ್ತಾ?"

ಅತ್ತೆ ಮಾವನ ಕಡೆ ನೋಡಿದರು. ಹೌದು ಎಂದುಬಿಡುತ್ತಾರೆ ಎಂದು ನನಗೆ ಭಯವಾಯಿತು. ಗಂಡನ ಮಾನ ಉಳಿಯುವುದಾದರೆ ಅದನ್ನೂ ಹೇಳುವ ಹೆಂಗಸು ಅವರು. ಡಾಕ್ಟರು ನರ್ಸಿನ ಕಡೆ ತಿರುಗಿ, ಇವರನ್ನು ಒಬ್ಬರೇ ಬಿಡಬೇಡಿ, ಮನೆಯವರನ್ನು ಆಚೆ ಕಳಿಸಿ ಎಂದ.

"ಡಾಕ್ಟ್ರೇ," ಎಂದರು ಮಾವ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. "ಅವಳು ಸುಳ್ಳು ಹೇಳ್ತಿದ್ದಾಳೆ. ನನಗೆ ನಾಲಿಗೆ ಸತ್ತಿದೆ. ಹೋದ ವರ್ಷದ ಜ್ವರಕ್ಕೆ ಹೋದದ್ದು ವಾಪಸ್ ಬರ್ಲಿಲ್ಲ. ಉಪ್ಪು, ಸಿಹಿ, ಕಹಿ ಯಾವುದೂ ಗೊತ್ತಾಗಲ್ಲ. ಯಾರಿಗೂ ಹೇಳಿರಲಿಲ್ಲ. ನಾನೇ ಮಾಡಿದ್ದು, ನಾನೇ ತಿನ್ನಿಸಿದ್ದು."

ವಾರ್ಡಿನಲ್ಲಿ ಪಕ್ಕದ ಮಂಚದವರೂ ಕೇಳಿಸಿಕೊಂಡರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಅಷ್ಟು ದಿನದ ನೋವಿಗೆ ಅಳದವರು.

ಮೂತ್ರ ಬರಲು ಶುರುವಾಗುವವರೆಗೆ ಯಾರೂ ಯಾವ ಭರವಸೆಯನ್ನೂ ಕೊಡಲಿಲ್ಲ. ಬಂದ ಮೇಲೂ ಡಾಕ್ಟರು, "ಇನ್ನೂ ಗಂಡಾಂತರ ಕಳೆದಿಲ್ಲ. ನೀರು ಏರಿಸ್ತಾ ಎಷ್ಟು ದಿನ ಇಡೋಕಾಗುತ್ತೆ? ಬಾಯಿಂದ ತಿನ್ನಲೇಬೇಕು," ಎಂದ. ಮಧ್ಯಾಹ್ನ ಆಸ್ಪತ್ರೆಯ ಗಂಜಿ ಬಂತು. ಬೇರೆ ಯಾರೋ ಬೇಯಿಸಿದ್ದು. ಮಾವ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಊದಿ ಆರಿಸಿ, ಚಮಚವನ್ನು ಅತ್ತೆಯ ತುಟಿಯ ಬಳಿ ಹಿಡಿದರು.

ತುಟಿ ತೆರೆಯಲಿಲ್ಲ.

"ಒಂದೇ ಒಂದು ಚಮಚ ಕಣೇ. ಇದು ನಾನು ಮಾಡಿದ್ದಲ್ಲ."

"ಗೊತ್ತು ಕಣ್ರೀ. ಹಸಿವೂ ಇದೆ," ಎಂದರು ಅತ್ತೆ. ಮಾತಾಡಲು ತೆರೆದ ಬಾಯಿ ಚಮಚ ಹತ್ತಿರ ಬಂದೊಡನೆ ಮತ್ತೆ ಮುಚ್ಚಿಕೊಂಡಿತು. ಹಲ್ಲು ಕಚ್ಚಿಕೊಂಡದ್ದು ಹೊರಗಿನಿಂದಲೇ ಕಾಣುತ್ತಿತ್ತು. ಅವರು ತಲೆ ಎತ್ತಿದರು, ಚಮಚದ ಕಡೆ ಬಾಗಿದರು, ತಾವೇ ಬೆರಳಿನಿಂದ ತುಟಿಯನ್ನು ಬಿಡಿಸಲು ನೋಡಿದರು. ಆಗಲಿಲ್ಲ. "ಬೇಕು ಅಂತ ಮಾಡ್ತಿಲ್ಲಾ ರೀ. ಏನ್ ಮಾಡ್ಲಿ, ಬಾಯಿ ತೆರೀತಿಲ್ಲ."

ಮಾವ ಮೂರು ಸಲ ಹಿಡಿದರು. ಗಂಜಿ ಗಲ್ಲದ ಮೇಲೆ ಇಳಿಯಿತು. ಅದನ್ನು ಕರ್ಚೀಫಿನಿಂದ ಒರೆಸಿ, ಬಟ್ಟಲನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟು ಸ್ಟೂಲಿನಿಂದ ಎದ್ದರು. ನಾನು ಕೂತೆ. ಚಮಚ ಹತ್ತಿರ ಹೋದೊಡನೆ ಅತ್ತೆಯ ಬಾಯಿ ತೆರೆಯಿತು. ನುಂಗಿದರು. ಮತ್ತೆ ತೆರೆಯಿತು. ಅತ್ತೆ ಒಂದು ಸಲವೂ ಮಾವನ ಕಡೆ ನೋಡಲಿಲ್ಲ. ಬಟ್ಟಲು ಖಾಲಿಯಾಗುವವರೆಗೂ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಮಾವ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು.

"ತಿಂದ್ಲಾ?" ಎಂದು ನನ್ನನ್ನು ಕೇಳಿದರು, ಎದುರಿಗೇ ನಿಂತು ನೋಡಿದ್ದವರು.

"ತಿಂದ್ರು, ಮಾವ."

"ಸದ್ಯ," ಎಂದರು, ಮತ್ತು ಬಾಗಿಲ ಕಡೆ ನಡೆದರು.